ಬೆನ್ನುಹುರಿ ಆರೈಕೆ ಕಲಿಸುವ ‘ಇ-ಲರ್ನ್ ಎಸ್‌ಸಿಐ’: ಒಬ್ಬ ಶುಶ್ರೂಷಕಿಯ ವಿಮರ್ಶೆ

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ ನನ್ನ ಅಣ್ಣನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಅವನ ಸೊಂಟದ ಹಿಂಭಾಗದಲ್ಲಿ ಅಂಗೈ ಅಗಲದ ಹುಣ್ಣಿತ್ತು. ಆ ಹೊತ್ತಿಗೆ ನಾನು ಶುಶ್ರೂಷಕಿಯಾಗಿ ಹನ್ನೊಂದು ವರ್ಷ ವಾರ್ಡಿನಲ್ಲಿ ದುಡಿದಿದ್ದೆ. ಆದರೂ “ಆಸ್ಪತ್ರೆಯಲ್ಲೇ ಇದ್ದವರಿಗೆ ಇದು ಹೇಗಾಯ್ತು?” ಎಂದು ಅತ್ತಿಗೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಾವು ಓದಿದ ಪಠ್ಯದಲ್ಲಿ ಬೆನ್ನುಹುರಿಯ ಗಾಯಕ್ಕೆ ಸಿಕ್ಕಿದ್ದು ಕೆಲವೇ ಪುಟಗಳು. ಅಂಥ ರೋಗಿಯನ್ನು ತಿಂಗಳುಗಟ್ಟಲೆ ನೋಡಿಕೊಳ್ಳುವುದನ್ನು ಯಾರೂ ಎದುರು ನಿಂತು ಹೇಳಿಕೊಟ್ಟಿರಲಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲು ಹುಡುಕಿದಾಗ ಸಿಕ್ಕಿದ್ದು ‘ಇ-ಲರ್ನ್ ಎಸ್‌ಸಿಐ’ (ಎಸ್‌ಸಿಐ ಎಂದರೆ ಬೆನ್ನುಹುರಿಯ ಗಾಯ) ಎಂಬ ಉಚಿತ ಆನ್‌ಲೈನ್ ತರಬೇತಿ.

ಇದನ್ನು ನಡೆಸುವುದು ಅಂತರರಾಷ್ಟ್ರೀಯ ಬೆನ್ನುಹುರಿ ಸಂಸ್ಥೆಯಾದ ಐಸ್ಕಾಸ್. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ 1944ರಲ್ಲಿ ಬೆನ್ನುಹುರಿ ಘಟಕವನ್ನು ತೆರೆದು, ಬದುಕುವುದಿಲ್ಲವೆಂದು ಕೈಬಿಟ್ಟ ಸೈನಿಕರನ್ನು ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿಯೇ ಉಳಿಸಿಕೊಂಡ ಡಾ. ಲುಡ್ವಿಗ್ ಗುಟ್‌ಮನ್ ಅವರ ಮುಂದಾಳುತನದಲ್ಲಿ 1961ರಲ್ಲಿ ಹುಟ್ಟಿದ ಸಂಸ್ಥೆ ಅದು. 2012ರಲ್ಲಿ ಬಿಡುಗಡೆಯಾದ ಈ ತರಬೇತಿಯನ್ನು ರೂಪಿಸುವ ಕೆಲಸಕ್ಕೆ ಮುಂದಾಳಾದವರು ದೆಹಲಿಯ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್‌ನಲ್ಲಿದ್ದ ಡಾ. ಎಚ್. ಎಸ್. ಛಾಬ್ರಾ ಎಂಬುದು ನಮಗೆ ಹೆಮ್ಮೆಯ ಸಂಗತಿ. ಎಲ್ಲರೂ ಓದಬೇಕಾದ ಒಂದು ಪೀಠಿಕಾ ಭಾಗ, ಆಮೇಲೆ ವೈದ್ಯರು, ಶುಶ್ರೂಷಕರು, ಫಿಸಿಯೋಥೆರಪಿಸ್ಟರು ಮೊದಲಾದವರಿಗೆ ಬೇರೆ ಬೇರೆ ಭಾಗಗಳು ಇದರಲ್ಲಿವೆ; ಪಾಠದ ಜೊತೆಗೆ ತಾವೇ ತಮ್ಮನ್ನು ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳೂ ಇವೆ.

ಈ ಓದಿನ ಬೆಲೆ ನನಗೆ ತಿಳಿದದ್ದು ಒಂದು ರಾತ್ರಿ. ಅಣ್ಣನ ಗಾಯ ಎದೆಭಾಗದ ನಾಲ್ಕನೆಯ ಕಶೇರುವಿನ (ಬೆನ್ನುಮೂಳೆಯ ಮಣಿಯ) ಮಟ್ಟದ್ದು. ಊಟ ಮುಗಿಸಿ ಮಲಗಿದ್ದವನಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯತೊಡಗಿತು. ಮುಖ, ಕತ್ತು ಕೆಂಪೇರಿ ಬೆವರು ಇಳಿಯುತ್ತಿತ್ತು, ಕಾಲುಗಳು ಮಾತ್ರ ತಣ್ಣಗಿದ್ದವು. ಬಿಪಿ ನೋಡಿದರೆ ಮೇಲಿನ ಅಂಕಿ 150. ಬೇರೆಯವರಿಗೆ ಇದು ಗಾಬರಿಪಡುವ ಅಂಕಿಯಲ್ಲ. ಆದರೆ ಮೇಲ್ಮಟ್ಟದಲ್ಲಿ ಹುರಿಗೆ ಪೆಟ್ಟಾದವರ ಬಿಪಿ ಸಾಮಾನ್ಯವಾಗಿಯೇ 90ರಿಂದ 110ರ ನಡುವೆ ಇರುವುದರಿಂದ, ಅವರಿಗೆ ಇದು ಮಿದುಳಿನಲ್ಲಿ ರಕ್ತಸ್ರಾವವಾಗುವಷ್ಟು ಅಪಾಯದ ಏರಿಕೆ. ಹಿಂದೊಮ್ಮೆ ಇಂಥದ್ದೇ ತಲೆನೋವಿಗೆ ಒಂದು ಆಸ್ಪತ್ರೆಯಲ್ಲಿ ನೋವಿನ ಮಾತ್ರೆ ಕೊಟ್ಟು ಅಂಗಾತ ಮಲಗಿಸಿದ್ದರು, ನಾನೂ ಪಕ್ಕದಲ್ಲೇ ನಿಂತು ತಲೆಯಾಡಿಸಿದ್ದೆ. ಆರನೆಯ ಎದೆ ಕಶೇರು ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಕಾಣುವ ಈ ಸ್ಥಿತಿಗೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ಮರಗಟ್ಟಿದ ಭಾಗದಲ್ಲಿ ಏನೋ ಕಾಟವಿದೆ, ನೋವು ಗೊತ್ತಾಗದ ದೇಹ ಅದನ್ನು ಬೇರೆ ದಾರಿಯಲ್ಲಿ ಕೂಗಿ ಹೇಳುತ್ತಿದೆ ಎಂದು ಇದರ ಅರ್ಥ. ಈ ಸಲ ಅವನನ್ನು ಎತ್ತಿ ಕೂರಿಸಿ, ಕಾಲುಗಳನ್ನು ಕೆಳಗೆ ಇಳಿಬಿಟ್ಟು, ಪಂಚೆಯ ಗಂಟು ಸಡಿಲಿಸಿ, ಮೂತ್ರದ ಪೈಪನ್ನು ಮೇಲಿಂದ ಕೆಳಗಿನವರೆಗೆ ಕೈಯಾಡಿಸಿ ನೋಡಿದೆ. ತೊಡೆಯ ಕೆಳಗೆ ಪೈಪು ಮಡಚಿಕೊಂಡಿತ್ತು. ಬಿಡಿಸಿದ ಕೂಡಲೇ ಚೀಲಕ್ಕೆ ಮೂತ್ರ ಹರಿಯಿತು; ಸ್ವಲ್ಪ ಹೊತ್ತಿನಲ್ಲಿ ಬಿಪಿ 110ಕ್ಕೆ ಇಳಿಯಿತು. ಈ ಒಂದು ಪಾಠಕ್ಕಾಗಿಯಾದರೂ ಪ್ರತಿ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದ ಸಿಬ್ಬಂದಿ ಇದನ್ನು ಓದಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ.

ಮೂತ್ರಕೋಶದ ನಿರ್ವಹಣೆಯ ಓದೂ ನಮಗೆ ನೇರವಾಗಿ ಉಪಯೋಗಕ್ಕೆ ಬಂತು. ಪೈಪನ್ನು ಒಳಗೇ ಇಡುವ ಬದಲು ನಾಲ್ಕರಿಂದ ಆರು ಗಂಟೆಗೊಮ್ಮೆ ಹಾಕಿ ತೆಗೆಯುವ ವಿಧಾನವನ್ನು ವೈದ್ಯರ ಸಲಹೆಯಂತೆ ಅಣ್ಣನೇ ಈಗ ಮಾಡಿಕೊಳ್ಳುತ್ತಾನೆ.

ಆದರೆ ಚರ್ಮದ ಆರೈಕೆಯ ವಿಷಯದಲ್ಲಿ ಓದಿಗೂ ಕೈಗೂ ನಡುವಿನ ದೂರ ನನಗೆ ಸ್ಪಷ್ಟವಾಗಿ ಕಂಡಿತು. ಒಂದೇ ಮಗ್ಗುಲಲ್ಲಿ ಮಲಗಿ ಚರ್ಮ ಒತ್ತಿಹೋದಾಗ ಆಗುವ ಒತ್ತಡದ ಹುಣ್ಣು ಏಕೆ ಆಗುತ್ತದೆ, ಎಲ್ಲಿ ಆಗುತ್ತದೆ ಎಂಬುದು ನನಗೆ ಪಾಠದಿಂದಲೇ ತಿಳಿಯಿತು, ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಅರುವತ್ತೆಂಟು ಕಿಲೋ ತೂಕದ ಮನುಷ್ಯನ ಮಗ್ಗುಲು ಬದಲಿಸುವವರು ಅತ್ತಿಗೆ, ಇಂಗ್ಲಿಷ್ ಬಾರದವರು. ಮೊದಲು ಅವರು ಅಣ್ಣನನ್ನು ಬಟ್ಟೆಯ ಸಮೇತ ಎಳೆಯುತ್ತಿದ್ದರು. ಹಾಗೆ ಎಳೆದಾಗ ಚರ್ಮ ಹಾಸಿಗೆಗೆ ಉಜ್ಜಿ ಹರಿಯುತ್ತದೆ ಎಂಬುದನ್ನು ನಾನು ಅವರ ಕೈ ಹಿಡಿದೇ ತೋರಿಸಬೇಕಾಯಿತು. ಮೈಯ ಕೆಳಗೆ ಮಡಚಿ ಹಾಸಿದ ಹಳೆಯ ಸೀರೆಯನ್ನು ಇಬ್ಬರೂ ಎರಡು ಬದಿಯಿಂದ ಹಿಡಿದು ಎತ್ತುವುದು, ಪೂರ್ತಿ ಮಗ್ಗುಲಾಗಿಸದೆ ಬೆನ್ನಿಗೆ ದಿಂಬು ಕೊಟ್ಟು ಓರೆಯಾಗಿ ಮಲಗಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡುವುದು, ಹಾಸಿದ ಬಟ್ಟೆಯ ಸುಕ್ಕನ್ನು ಅಂಗೈಯಿಂದ ಸವರಿ ಬಿಡಿಸುವುದು, ಇವೆಲ್ಲ ಹತ್ತಾರು ಸಲ ಮಾಡಿದ ಮೇಲಷ್ಟೇ ಕೂಡಿಬಂದವು. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲವಾದ್ದರಿಂದ, ಬೆರಳಿಟ್ಟು ಬಿಸುಪನ್ನೂ ಗಟ್ಟಿತನವನ್ನೂ ಪರೀಕ್ಷಿಸುವುದನ್ನು ಅತ್ತಿಗೆ ಕಲಿತರು. ಈಗ ಅವರ ಬೆರಳು ನನ್ನ ಬೆರಳಿಗಿಂತ ಮೊದಲೇ ಕಂಡುಹಿಡಿಯುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಶುಶ್ರೂಷಕರಿಗೂ ಫಿಸಿಯೋಥೆರಪಿಸ್ಟರಿಗೂ ಇಷ್ಟು ಗಟ್ಟಿಯಾದ, ಅದೂ ಉಚಿತವಾದ ಇನ್ನೊಂದು ತರಬೇತಿಯನ್ನು ನಾನು ಕಂಡಿಲ್ಲ. ಪೀಠಿಕಾ ಭಾಗ ಮತ್ತು ಶುಶ್ರೂಷಕರ ಭಾಗವನ್ನು ಓದಿ, ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟಿಸುವ ವಿಷಯಕ್ಕೆ ಫಿಸಿಯೋಥೆರಪಿಯ ಭಾಗವನ್ನೂ ನೋಡಿರಿ. ಮನೆಯಲ್ಲಿ ಆರೈಕೆ ಮಾಡುವವರು ಮಾತ್ರ ಇದನ್ನೊಂದನ್ನೇ ನಂಬಿ ಕೂರುವಂತಿಲ್ಲ. ಓದಿದ ಒಬ್ಬರು ಅವರ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಿ, ಮಾಡಿ ತೋರಿಸಿ, ಅವರಿಂದ ಮಾಡಿಸಿ ನೋಡಬೇಕು. ಡಿಸ್ಚಾರ್ಜ್ ಚೀಟಿ ಬರೆಯುವ ಮೊದಲು ಎರಡು ದಿನ ಇದಕ್ಕೆಂದೇ ಮೀಸಲಿಡಬಾರದೇ ಎಂದು ನಾನು ನಮ್ಮ ವಾರ್ಡಿನಲ್ಲಿ ಕೇಳುತ್ತಲೇ ಇದ್ದೇನೆ.

ನಾನು ಹೇಳಿದ್ದನ್ನು ಅತ್ತಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಮಂಚದ ತಲೆಯ ಬಳಿ ಅಂಟಿಸಿದ್ದಾರೆ: “ತಲೆನೋವು, ಬೆವರು ಬಂದರೆ ಎತ್ತಿ ಕೂರಿಸಬೇಕು. ಬಟ್ಟೆ ಸಡಿಲಿಸಬೇಕು. ಉಚ್ಚೆ ತೆಗೆಯಬೇಕು. ಮಲ ಕಟ್ಟಿದೆಯಾ ನೋಡಬೇಕು. ಇಳಿಯದಿದ್ದರೆ ಕೂರಿಸಿಕೊಂಡೇ ಆಸ್ಪತ್ರೆಗೆ.” ‘ಕೂರಿಸಿಕೊಂಡೇ’ ಎಂಬ ಪದದ ಅಡಿಗೆ ಎರಡು ಗೆರೆ ಎಳೆದಿದ್ದಾರೆ.