ಐರಿಷ್ ಬಾಲಕೈದಿಗಳನ್ನು ಹುಡುಕಲು ಡಬ್ಲಿನ್‌ನ ಡೇಟಾಬೇಸ್: ಎಷ್ಟು ಉಪಯೋಗ?

ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ಗಡೀಪಾರು ಡೇಟಾಬೇಸ್ ಉಚಿತ. ಶಿಕ್ಷೆಯಾಗಿ ಆಸ್ಟ್ರೇಲಿಯಾಕ್ಕೆ ಸಾಗಿಸಿದ ಹುಡುಗ ಹುಡುಗಿಯರ ಜಾಡು ಹಿಡಿಯಲು ಇಲ್ಲಿಂದಲೇ ಶುರು ಮಾಡಬೇಕು. ಹೆಸರು, ವಿಚಾರಣೆ ನಡೆದ ಕೌಂಟಿ (ಜಿಲ್ಲೆ), ಅಪರಾಧ, ಶಿಕ್ಷೆ (7 ವರ್ಷ, 14 ವರ್ಷ ಅಥವಾ ಜೀವಾವಧಿ) ಸಿಗುತ್ತವೆ. ದೊಡ್ಡ ಕೊರತೆ ಒಂದಿದೆ: 1836ಕ್ಕೆ ಹಿಂದಿನ ಗಡೀಪಾರು ರಿಜಿಸ್ಟರುಗಳು 1922ರಲ್ಲಿ ಡಬ್ಲಿನ್‌ನ ನ್ಯಾಯಾಲಯ ಸಮುಚ್ಚಯ ಫೋರ್ ಕೋರ್ಟ್ಸ್‌ನಲ್ಲಿ ಎದ್ದ ಬೆಂಕಿಗೆ ಆಹುತಿಯಾದವು. ಆ ಕಾಲದವರು ಬಹುಮಟ್ಟಿಗೆ ಕ್ಷಮಾದಾನದ ಅರ್ಜಿಗಳಲ್ಲಷ್ಟೇ ಕಾಣುತ್ತಾರೆ. ಹೆಸರು ಸಿಗದಿದ್ದರೆ ಐರಿಷ್ ಕುಲನಾಮಗಳ ಮುಂದೆ ಬರುವ ‘ಓ’, ‘ಮ್ಯಾಕ್’ ಬಿಟ್ಟು ಹುಡುಕಿ. ಗುಮಾಸ್ತರು ಕಿವಿಗೆ ಬಿದ್ದಂತೆ ಗೀಚಿದ್ದಾರೆ. ವಯಸ್ಸನ್ನೂ ಪೂರ್ತಿ ನಂಬಬೇಡಿ, ಒಂದೆರಡು ವರ್ಷ ಹೆಚ್ಚುಕಡಿಮೆ ಇದ್ದೀತು. ಹಡಗಿನ ಹೆಸರು ಗೊತ್ತಾದರೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಕೈದಿಪಟ್ಟಿ ತೆರೆಯಿರಿ: 1820ರ ದಶಕದ ಕೊನೆಯಿಂದಾಚೆಗೆ ಎತ್ತರ, ಕಣ್ಣಿನ ಬಣ್ಣ, ಹುಟ್ಟೂರು, ಓದುಬರಹ ಎಲ್ಲ ಅಲ್ಲಿದೆ.