ಹಳೇ ವಿಂಟೇಜ್ ಪೋರ್ಟ್ ಕೊಳ್ಳೋ ಮುಂಚೆ ಬಾಟಲಿಯ ಕತ್ತು ನೋಡಿ

ಹಳೇ ವೈನ್ ಮಾರುವವರೊಬ್ಬರಿಂದ 1977ರ ವಿಂಟೇಜ್ ಪೋರ್ಟ್ ತರಿಸಿದ್ದೆ. ಪೋರ್ಟ್ ಅಂದ್ರೆ ದ್ರಾಕ್ಷಿಯ ಮದ್ಯಸಾರ ಬೆರೆಸಿದ ಸಿಹಿ ವೈನ್; ವಿಂಟೇಜ್ ಅಂದ್ರೆ ಒಳ್ಳೇ ಬೆಳೆಯ ಒಂದೇ ವರ್ಷದ ದ್ರಾಕ್ಷಿಯದು. ವರ್ಷಕ್ಕೇನೂ ಕುಂದಿಲ್ಲ. ಪೋರ್ಚುಗಲ್‌ನ ಡೋರು ಕಣಿವೆಯ ಹಲವು ಹೆಸರಾಂತ ಕಂಪನಿಗಳು ಆ ವರ್ಷವನ್ನು ವಿಂಟೇಜ್ ಅಂತ ಘೋಷಿಸಿದ್ದವು. ಆದರೆ ಬಾಟಲಿಯಲ್ಲಿದ್ದದ್ದು ಕುಡಿಯೋ ಹಾಗಿರಲಿಲ್ಲ. ಕೇಳಿದರೆ, "ಹಳೇ ಪೋರ್ಟ್ ಅಂದ್ರೆ ಹೀಗೇ, ನಿಮಗೆ ರೂಢಿ ಇಲ್ಲ ಅಷ್ಟೇ" ಅಂದರು. ಈ ಮಾತು ನಂಬಬೇಡಿ.

ಜಾಹೀರಾತಿನಲ್ಲಿ ಬರೀ ಲೇಬಲ್ಲಿನ ಫೋಟೋ ಇತ್ತು. ಬಾಟಲಿ ಬಂದಾಗ ನೋಡಿದರೆ ವೈನ್ ಕತ್ತು ದಾಟಿ ಹೆಗಲಿನ ನಡುವಿಗೆ ಇಳಿದಿತ್ತು. ಕಾರ್ಕಿನ ಮೇಲೆ ಕತ್ತಿಗೆ ಸುತ್ತಿದ ಹೊದಿಕೆಯ, ಅಂದ್ರೆ ಕ್ಯಾಪ್ಸೂಲಿನ, ಅಂಚಿಗೆ ಬೆರಳಾಡಿಸಿದರೆ ಅಂಟಂಟು. ಸೋರಿದ ವೈನಿನ ಸಕ್ಕರೆ ಅದು. ಬಿಸಿ ಜಾಗದಲ್ಲಿಟ್ಟರೆ ವೈನ್ ಹಿಗ್ಗಿ ಕಾರ್ಕಿನ ಪಕ್ಕದಿಂದ ಹೊರಬರುತ್ತದೆ. ತಣ್ಣಗಾದಾಗ ಅದೇ ದಾರಿಯಲ್ಲಿ ಗಾಳಿ ಒಳಗೆ ಹೋಗುತ್ತದೆ.

ಆದರೂ ಒಂದು ದಿನ ನೆಟ್ಟಗೆ ನಿಲ್ಲಿಸಿ, ಗಸಿ ಇಳಿದ ಮೇಲೆಯೇ ತೆಗೆದೆ. ಗಸಿ ಇರೋದು ದೋಷವಲ್ಲ. ವಿಂಟೇಜ್ ಪೋರ್ಟನ್ನು ಎರಡು ಮೂರು ವರ್ಷಕ್ಕೇ ಸೋಸದೆ ಬಾಟಲಿಗೆ ತುಂಬುತ್ತಾರೆ. ಕಾರ್ಕ್ ಪುಡಿಯಾದರೂ ಗಾಬರಿ ಬೇಡ, ತೆಳು ಬಟ್ಟೆಯಲ್ಲಿ ಸೋಸಿದರಾಯಿತು. ಆದರೆ ಈ ಕಾರ್ಕಿನ ಒಂದು ಬದಿ ಬುಡದಿಂದ ತುದಿಯವರೆಗೂ ನೆನೆದು ಕಪ್ಪಾಗಿತ್ತು.

ಗ್ಲಾಸಿಗೆ ಬಗ್ಗಿಸಿದರೆ ಪೂರ್ತಿ ಮಂಕು ಕಂದು. ಈ ವಯಸ್ಸಿಗೆ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗೋದು ಸರಿ, ನಡುವೆ ಒಂಚೂರು ಕೆಂಪಾದರೂ ಉಳಿದಿರಬೇಕು ಅಲ್ವಾ? ಮೂಗಿಗೆ ಮೊದಲು ಹೊಡೆದದ್ದು ನೈಲ್ ಪಾಲಿಶ್ ರಿಮೂವರ್ ವಾಸನೆ, ಹಿಂದೆಯೇ ವಿನೆಗರ್. ಡಿಕ್ಯಾಂಟರ್‌ಗೆ (ವೈನ್ ಬಗ್ಗಿಸಿಡುವ ಗಾಜಿನ ಹೂಜಿ) ಸುರಿದು ಗಾಳಿಗೆ ಬಿಟ್ಟು ಕಾದೆ. ವಾಸನೆ ಜಾಸ್ತಿಯೇ ಆಯಿತು. ಬಾಯಿಗೆ ಹಾಕಿದರೆ ಮೊದಲು ಸಿಹಿ, ಆಮೇಲೆ ಚುರುಕು ಹುಳಿ, ಕೊನೆಗೆ 20%ರ ಆಸುಪಾಸಿನ ಆಲ್ಕೋಹಾಲಿನ ಉರಿ. ಒಣ ಅಂಜೂರವೋ ಒಣದ್ರಾಕ್ಷಿಯೋ, ಹಣ್ಣಿನ ಸುಳಿವೇ ಇಲ್ಲ. ಒಳ್ಳೇ ಪೋರ್ಟಿನ ರುಚಿ ನುಂಗಿದ ಮೇಲೂ ಬಹಳ ಹೊತ್ತು ನಿಲ್ಲುತ್ತದೆ. ಇಲ್ಲಿ ನಿಂತದ್ದು ಹುಳಿ ಮಾತ್ರ.

ಮಾರಿದವರು ಮತ್ತೊಂದು ವಾದ ಹೂಡಿದರು: "ಟಾನಿ ಪೋರ್ಟ್ ಕೂಡ ಕಂದು ತಾನೇ?" ಹೌದು, ಟಾನಿ ಮರದ ಪೀಪಾಯಿಯಲ್ಲಿ ಗಾಳಿ ಸೋಕುತ್ತಾ ಹಳೆಯದಾಗುತ್ತದೆ. ವಿಂಟೇಜ್ ಮುಚ್ಚಿದ ಬಾಟಲಿಯಲ್ಲಿ ಮಾಗಬೇಕಾದದ್ದು. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯೋಕಾಗಲ್ಲ. ಹಣ ವಾಪಸ್ ಕೇಳಿದರೆ ಹಳೇ ಬಾಟಲಿಗೆ ಗ್ಯಾರಂಟಿ ಇಲ್ಲವಂತೆ. ಜಾಹೀರಾತಿನಲ್ಲಿ ಆ ಮಾತು ಎಲ್ಲೂ ಇರಲಿಲ್ಲ.

ದುಡ್ಡು ಕೊಡೋ ಮುಂಚೆ ಬೆಳಕಿಗೆ ಹಿಡಿದ ಕತ್ತಿನ ಫೋಟೋ ಕೇಳಿ, ಕ್ಯಾಪ್ಸೂಲಿನದೂ ಕೇಳಿ. ಇಷ್ಟು ವರ್ಷ ಎಲ್ಲಿಟ್ಟಿದ್ದರು, ಮಲಗಿಸಿದ್ದರೋ ನಿಲ್ಲಿಸಿದ್ದರೋ ವಿಚಾರಿಸಿ. ಲೇಬಲ್ಲಿನಲ್ಲಿ ವರ್ಷದ ಜೊತೆ 'ಕೊಲ್ಯೇಟಾ' (Colheita) ಅಂತಿದ್ದರೆ ಅದು ಪೀಪಾಯಿಯಲ್ಲಿ ಇಟ್ಟ ಬೇರೆಯೇ ಬಗೆ. ವಿಂಟೇಜ್ ಅಂತ ಮಾರಿದರೆ ತಗೋಬೇಡಿ.