ಹ್ಯಾಲೋವೀನ್ ಗೊಂಬೆಗೆ ಮೋಟಾರು ಹುಡುಕುತ್ತಿದ್ದೀರಾ? ಆ ‘ಕಿಟ್’ ಮಾತ್ರ ಬೇಡ

ಮೋಟಾರು, ಅಡಾಪ್ಟರ್, ಕ್ರ್ಯಾಂಕ್ (ಮೋಟಾರಿನ ಸುತ್ತನ್ನು ಗೊಂಬೆಯ ಏರಿಳಿತವಾಗಿಸುವ ತೋಳು) ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ‘ಹ್ಯಾಲೋವೀನ್ ಗೊಂಬೆ ಕುಣಿಸುವ ಕಿಟ್’ ಎಂದು ಆನ್‌ಲೈನಿನಲ್ಲಿ ಮಾರುತ್ತಿದ್ದಾರೆ. ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲೂ ಈಗ ಅಂಗಳಕ್ಕೊಂದು ದೆವ್ವ ನಿಲ್ಲಿಸುವ ಹುಮ್ಮಸ್ಸು ಬಂದಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಕೊಳ್ಳಬೇಡಿ. ಹಣ ಹೋದದ್ದಕ್ಕಿಂತ, ಅದು ಕೈಕೊಟ್ಟ ಹೊತ್ತನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಪ್ಲೈವುಡ್ಡಿನ ಶವಪೆಟ್ಟಿಗೆಯೊಳಗಿಂದ ಅಸ್ಥಿಪಂಜರವೊಂದು ಎದ್ದು ಕುಳಿತು ಮತ್ತೆ ಮಲಗುವುದು ನಮ್ಮ ಯೋಜನೆ. ಸೊಂಟದಿಂದ ಮೇಲಿನ ಭಾಗ ಎರಡು ಕಿಲೋ, ಅದರ ಭಾರದ ಕೇಂದ್ರ ಸೊಂಟದ ಕೀಲಿನಿಂದ ಹದಿನೈದು ಸೆಂಟಿಮೀಟರ್ ದೂರ. ಅಂದರೆ ಅಂಗಾತ ಮಲಗಿರುವಾಗ ಎತ್ತಲು 30 ಕೆಜಿ-ಸೆಂ.ಮೀ. ಟಾರ್ಕ್ (ತಿರುಗಿಸುವ ಬಲ) ಬೇಕು. ಜಾಹೀರಾತು ಹೇಳಿದ್ದು 12 ವೋಲ್ಟ್, ನಿಮಿಷಕ್ಕೆ 30 ಸುತ್ತು, 40 ಕೆಜಿ-ಸೆಂ.ಮೀ., ‘ಪೂರ್ತಿ ಲೋಹದ ಗಿಯರ್’. ಆ ಅಂಕಿಗಳನ್ನು ನಂಬಿದರೆ ಮೋಟಾರು ಸಾಕು, ಮಿಕ್ಕುತ್ತದೆ ಕೂಡ.

ಗ್ಯಾರೇಜಿನಲ್ಲಿ ಚೆನ್ನಾಗಿಯೇ ಎದ್ದು ಕುಳಿತಿತು. ಹ್ಯಾಲೋವೀನ್ ದಿನ, ಅಕ್ಟೋಬರ್ 31ರ ಸಂಜೆ, ಮಿಠಾಯಿ ಕೇಳುತ್ತ ಮಕ್ಕಳ ದಂಡು ಬಾಗಿಲಿಗೆ ಬಂದಾಗ ಅರ್ಧಕ್ಕೆ ಎದ್ದು ಅಲ್ಲೇ ನಿಂತಿತು. ಮೋಟಾರು ಗುಂಯ್‌ಗುಡುತ್ತಿತ್ತು, ಅಡಾಪ್ಟರಿನಿಂದ ಸುಟ್ಟ ವಾಸನೆ. ಪ್ಲಗ್ ಕೀಳುವಷ್ಟರಲ್ಲಿ ಅದರ ಕಪ್ಪು ಕವಚ ಒಂದು ಮೂಲೆಯಲ್ಲಿ ಮೆತ್ತಗಾಗಿ ಜೋತುಬಿದ್ದಿತ್ತು. ಪಕ್ಕದಲ್ಲೇ ಒಣಹುಲ್ಲಿನ ಕಟ್ಟು, ತೆಳು ಬಟ್ಟೆಯ ಭೂತಗಳು! ‘ಇದು ಸತ್ತುಹೋಯಿತೇ?’ ಎಂದು ಒಬ್ಬ ಪುಟ್ಟ ಹುಡುಗ ಕೇಳಿದ. ಅಸ್ಥಿಪಂಜರದ ಬಗ್ಗೆ ಕೇಳಬಹುದಾದ ಪ್ರಶ್ನೆಯೇ ಅದು?

ಮರುದಿನ ಗಿಯರ್ ಡಬ್ಬಿ ಬಿಚ್ಚಿದೆ. ಮೋಟಾರಿನ ಪಕ್ಕದ ಸಣ್ಣ ಚಕ್ರಗಳು ಹಿತ್ತಾಳೆಯವು, ನಿಜ. ಕೊನೆಯ ದೊಡ್ಡ ಚಕ್ರ ಮಾತ್ರ ಬಿಳಿ ನೈಲಾನ್. ಒಂದು ಬದಿಯ ಹಲ್ಲುಗಳು ಸವೆದು ನುಣ್ಣಗಾಗಿದ್ದವು, ಗ್ರೀಸಿನಲ್ಲಿ ತೆಂಗಿನ ತುರಿಯಂತೆ ಅದರ ಚೂರುಗಳು. ಗಿಯರ್ ಸಾಲಿನಲ್ಲಿ ವೇಗ ಇಳಿದಂತೆ ಬಲ ಏರುತ್ತದೆ. ಅತಿ ಹೆಚ್ಚು ಬಲ ಬೀಳುವುದು ಕೊನೆಯ ಚಕ್ರದ ಮೇಲೆಯೇ. ಉಳಿತಾಯ ಮಾಡಿರುವುದೂ ಅಲ್ಲಿಯೇ. ಇದನ್ನು ಮೋಸ ಎನ್ನದೆ ಬೇರೇನು ಅನ್ನಲಿ?

ಅಂಕಿಗಳದ್ದೂ ಅದೇ ಕಥೆ. ಆ 40, ಮೋಟಾರು ಭಾರ ತಾಳದೆ ನಿಂತೇಹೋಗುವ ಹಂತದ ಟಾರ್ಕ್. ಆ ಹಂತದಲ್ಲಿ ಕರೆಂಟು ಅತಿ ಹೆಚ್ಚು ಹರಿದು ಸುರುಳಿ ಸುಡುತ್ತದೆ. 30 ಸುತ್ತು ಎಂಬುದು ಯಾವ ಭಾರವೂ ಇಲ್ಲದಾಗಿನ ವೇಗ. ಎರಡೂ ಒಟ್ಟಿಗೆ ಎಂದೂ ಸಿಗುವುದಿಲ್ಲ. ಗಂಟೆಗಟ್ಟಲೆ ಓಡಬೇಕಾದ ಗೊಂಬೆಗೆ ನಿಲುಗಡೆಯ ಟಾರ್ಕಿನ ಕಾಲುಭಾಗಕ್ಕಿಂತ ಹೆಚ್ಚು ಲೆಕ್ಕ ಹಿಡಿಯಬೇಡಿ. ಜೊತೆಗೆ ಕೊಟ್ಟ ಅಡಾಪ್ಟರ್ ಬರೀ 2 ಆಂಪಿಯರಿನದು, ಫ್ಯೂಸ್ ಇಲ್ಲ. ಮಾರಿದವರಿಗೆ ಬರೆದರೆ ಮೊದಲು ವೀಡಿಯೊ ಕಳುಹಿಸಿ ಎಂದರು, ಆಮೇಲೆ ಭಾರ ಹೆಚ್ಚಾಯಿತು ಎಂದರು, ಕೊನೆಗೆ ಹಿಂತಿರುಗಿಸುವ ಅವಧಿ ಮುಗಿದಿದೆ ಎಂದರು.

ಗುಜರಿ ಅಂಗಡಿಯ ಹಳೆಯ ಕಾರಿನ ವೈಪರ್ ಮೋಟಾರು ಇದಕ್ಕಿಂತ ಎಷ್ಟೋ ಮೇಲು. ಅದರ ವರ್ಮ್ ಗಿಯರ್ (ತಿರುಪಿನಂಥ ದಂಡ ಹಲ್ಲಿನ ಚಕ್ರವನ್ನು ತಿರುಗಿಸುವ ಜೋಡಣೆ) ನಿಧಾನವಾಗಿ, ಬಲವಾಗಿ ತಿರುಗಿಸುತ್ತದೆ. ಕರೆಂಟು ಹೋದರೂ ಗೊಂಬೆ ಸಾಮಾನ್ಯವಾಗಿ ದಡಕ್ಕನೆ ಬೀಳುವುದಿಲ್ಲ. 12 ವೋಲ್ಟಿನಲ್ಲಿ ವೇಗ ಹೆಚ್ಚೆನಿಸಿದರೆ 5–6 ವೋಲ್ಟ್ ಕೊಟ್ಟು ನೋಡಿ. ಅದು ಕರೆಂಟು ಚೆನ್ನಾಗಿಯೇ ಕುಡಿಯುತ್ತದೆ, ಹಾಗಾಗಿ 10 ಆಂಪಿಯರಿನಷ್ಟು ಕೊಡಬಲ್ಲ ಸಪ್ಲೈ ಮತ್ತು ತಂತಿಗೊಂದು ಫ್ಯೂಸ್ ಬೇಕೇ ಬೇಕು. ಅನೇಕ ವೈಪರ್ ಮೋಟಾರುಗಳಲ್ಲಿ ಹೊರಕವಚವೇ ನೆಗೆಟಿವ್. ಪಾಸಿಟಿವ್ ತಂತಿ ಲೋಹದ ಚೌಕಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ. ಕ್ರ್ಯಾಂಕಿನ ಉದ್ದ ಅರ್ಧಕ್ಕಿಳಿಸಿದರೆ ಮೋಟಾರಿನ ಹೊರೆಯೂ ಸುಮಾರು ಅರ್ಧವಾಗುತ್ತದೆ, ಚಲನೆ ಕಡಿಮೆಯಾಗುತ್ತದೆ ಅಷ್ಟೇ. ಕೀಲಿನ ಹಿಂಬದಿಗೆ ಎದುರುಭಾರ ಕಟ್ಟಿದರೆ ಇನ್ನೂ ಹಗುರ. ಊರಿನಲ್ಲಿ ಗಣೇಶನ ಪೆಂಡಾಲಿಗೆ ಕೈಯೆತ್ತಿ ಆಶೀರ್ವದಿಸುವ ಗಣಪನನ್ನು ಮಾಡುವವರಿಗೂ ಇದೇ ಲೆಕ್ಕ.

ತಲೆ ಮಾತ್ರ ತಿರುಗುವ ಹಗುರ ಗೊಂಬೆಗೆ ಮೈಕ್ರೋವೇವ್ ತಟ್ಟೆ ತಿರುಗಿಸುವ ಪುಟ್ಟ ಮೋಟಾರು ಸಾಕು. ಆದರೆ ಅದಕ್ಕಾಗಿ ಹಳೆಯ ಒಲೆಯನ್ನು ನೀವೇ ಬಿಚ್ಚಬೇಡಿ. ಒಳಗಿನ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಉಳಿದಿರಬಹುದು, ಜೀವ ಹೋಗುತ್ತದೆ. ಬಿಡಿಯಾಗಿ ಕೊಳ್ಳಿ. ಇಲ್ಲಿ ಸಿಗುವ ಹಲವು 120 ವೋಲ್ಟಿನವು. ಹೊರಗೆ ಇಡುವುದಾದರೆ ನೀರು ತಾಗದಂತೆ ಮುಚ್ಚಿ, ಜಿಎಫ್‌ಸಿಐ (ಕರೆಂಟು ಸೋರಿದೊಡನೆ ತಾನೇ ಕಡಿದುಹಾಕುವ ಸುರಕ್ಷಾ ಸಾಧನ) ಇರುವ ಪ್ಲಗ್ಗಿಗೇ ಹಾಕಿ. ಇವು ಪ್ರತಿ ಸಲ ಯಾವ ಕಡೆಗೆ ಸುತ್ತಲು ಶುರುಮಾಡುತ್ತವೆಂದು ಹೇಳಲಾಗದು, ದೆವ್ವಕ್ಕೆ ಅದೇನೂ ಕೊರತೆಯಲ್ಲ.

ಆ ಕಿಟ್ ಈ ವರ್ಷ ಹೊಸ ಹೆಸರಿನಲ್ಲಿ ಮತ್ತೆ ಬಂದಿದೆ, ಫೋಟೊ ಮಾತ್ರ ಹಳೆಯದೇ. ಯಾವುದೇ ಮೋಟಾರು ಕೊಳ್ಳುವ ಮುನ್ನ ಮಾರುವವರನ್ನು ಕೇಳಿ: ನಿರಂತರ ಓಡುವಾಗಿನ ಟಾರ್ಕ್ ಎಷ್ಟು, ನಿಂತುಹೋದಾಗ ಎಳೆಯುವ ಕರೆಂಟು ಎಷ್ಟು, ಕೊನೆಯ ಗಿಯರ್ ಯಾವುದರದ್ದು? ನಾನು ಈ ಸಲ ಕೇಳಿದೆ. ಬಂದ ಉತ್ತರ: ‘ಗುಣಮಟ್ಟ ಅತ್ಯುತ್ತಮ, ನಿಶ್ಚಿಂತೆಯಿಂದ ಖರೀದಿಸಿ.’